ಇಟ್ಟಿಗಿ, ಬ್ಲಾಕ್, ಕಾಂಕ್ರೀಟ್ ಒಂದಕ್ಕೊಂದು ಗಟ್ಟಿ ಹಿಡ್ಕೊಬೇಕಂದ್ರ ಏನೇನ್ ಮಾಡ್ಬೇಕು: ರಾಯಚೂರು ಬಿಸಿಲಿಗೆ ಹೊಂದೋ ಪೂರ್ತಿ ಮಾಹಿತಿ

ಮನಿ ಕಟ್ಟಿಸೋರು ಸೈಟಿಗೆ ಬಂದ್ರ ಮೇಸ್ತ್ರಿಗೆ ಹೇಳೋ ಮೊದಲ ಮಾತು "ಸಿಮೆಂಟ್ ಒಂಚೂರು ಜಾಸ್ತಿ ಹಾಕ್ರಿ, ಗ್ವಾಡಿ ಗಟ್ಟಿ ಬರ್ಲಿ" ಅನ್ನೋದು. ರೊಕ್ಕ ಹಾಕೋರು ಅವರು, ಆಸೆ ಇರೋದು ಸಹಜ, ಆದ್ರ ಗ್ವಾಡಿ ಶಕ್ತಿ ಲೆಕ್ಕ ಬ್ಯಾರೇನ ಐತಿ. ಐಎಸ್ 1905 ಅನ್ನೋ ಕೋಡ್‌ನ್ಯಾಗ (ಗ್ವಾಡಿ ಕಟ್ಟೋಕೆ ಭಾರತದ ಮಾನದಂಡ) ಒಂದು ಟೇಬಲ್ ಕೊಟ್ಟಾರ, ಯಾವ ಇಟ್ಟಿಗಿಗೆ ಯಾವ ಮಾಲು (ಸಿಮೆಂಟ್, ಉಸುಕು ಕಲಸಿದ ಗಾರಿ) ಹಾಕಿದ್ರ ಗ್ವಾಡಿ ಮ್ಯಾಲ ಎಷ್ಟು ಭಾರ ಹೊರಿಸಬಹುದು ಅಂತ. 1:6 ಮಾಲು (ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕು) ತನ್ನಷ್ಟಕ್ಕ ಚದರ ಮಿಲಿಮೀಟರಿಗೆ 3 ನ್ಯೂಟನ್ ತಡೀತೈತಿ, 1:3 ಮಾಲು 10 ತಡೀತೈತಿ, ಮೂರು ಪಟ್ಟಿಗಿಂತ ಜಾಸ್ತಿ ಆತು. ಆದ್ರ 10 ನ್ಯೂಟನ್ ಶಕ್ತಿ ಇರೋ ಒಳ್ಳೆ ಇಟ್ಟಿಗಿಯಿಂದ ಕಟ್ಟಿದ ಗ್ವಾಡಿಗೆ ಅದೇ ಟೇಬಲ್‌ನ್ಯಾಗ ಸಿಗೋದು 1:6 ಕ್ಕ 0.81, 1:3 ಕ್ಕ 1.00, ಅಷ್ಟ. ಇನ್ನ 3.5 ನ್ಯೂಟನ್ ಇಟ್ಟಿಗಿ ಆದ್ರ (ಹಳ್ಳಿ ಭಟ್ಟಿ ಇಟ್ಟಿಗಿ ಎಷ್ಟೋ ಈ ಮಟ್ಟದಾಗ ಇರ್ತಾವ) 1:6 ಹಾಕ್ರಿ, 1:3 ಹಾಕ್ರಿ, ಎರಡಕ್ಕೂ 0.35 ನೇ. ಡಬಲ್ ಸಿಮೆಂಟ್ ಹಾಕಿದ್ರೂ ಒಂದು ನಯಾಪೈಸೆ ಲಾಭ ಇಲ್ಲ, ಮ್ಯಾಲ ಕುಗ್ಗಿ ಸೀಳು ಬಿಡೋದು ಬ್ಯಾರೆ.

ಹಂಗಾದ್ರ ಶಕ್ತಿ ಎಲ್ಲಿಂದ ಬರ್ತೈತಿ ಅಂದ್ರ ಮೂರು ಕಡೆಯಿಂದ: ಇಟ್ಟಿಗಿ ಎಂಥದ್ದು, ಸಂದುಗಳು ಒಂದರ ಮ್ಯಾಲ ಒಂದು ಬರದಂಗ ಹೆಂಗ ಕೂಡಿಸೀರಿ, ಮಾಲು ಇಟ್ಟಿಗಿನ್ನ ಎಷ್ಟು ಕಚ್ಚಿ ಹಿಡದೈತಿ. ಈ ಮೂರನೇದು ಕಣ್ಣಿಗೆ ಕಾಣಲ್ಲ, ಅದಕ್ಕ ಯಾರೂ ತಲಿ ಕೆಡಿಸ್ಕೊಳ್ಳಲ್ಲ. ಅದು ನಿರ್ಧಾರ ಆಗೋದು ನೀರಿನಿಂದ.

ಮಾಲು ಇಟ್ಟಿಗಿನ್ನ ಹಿಡಿಯೋದು ಹೆಂಗ

ಇಟ್ಟಿಗಿ ತುಂಬ ಸಣ್ಣ ಸಣ್ಣ ತೂತು ಇರ್ತಾವ. ಹಸಿ ಮಾಲಿನ ಮ್ಯಾಲ ಇಟ್ಟಿಗಿ ಇಟ್ಟ ಕೂಡ್ಲೇ ಆ ತೂತುಗಳು ಮಾಲಿನ ನೀರು ಎಳ್ಕೋತಾವ, ಆ ನೀರಿನ ಜೊತಿ ಕರಗಿದ ಸಿಮೆಂಟ್ ಅಂಶನೂ ಒಳಗ ಹೋಗಿ ಅಲ್ಲೇ ಹರಳು ಕಟ್ಟಿ ಬೇರು ಬಿಡ್ತೈತಿ. ಈ ಬೇರೇ ನಮ್ಮ ಹಿಡಿತ. ಇಟ್ಟಿಗಿ ಒಣಗಿ ಕಾದಿದ್ರ ನೀರೆಲ್ಲಾ ಒಮ್ಮೆಗೇ ಹೀರಿ ಬಿಡ್ತೈತಿ, ಸಿಮೆಂಟ್ ಗಟ್ಟಿ ಆಗೋಕೆ ನೀರೇ ಉಳಿಯಲ್ಲ, ಮಾಲು ಪುಡಿಪುಡಿ ಆಗಿ ಕೂರ್ತೈತಿ. ಇಟ್ಟಿಗಿ ಪೂರ್ತಿ ನೀರು ಕುಡದು ತುಂಬಿದ್ರ ಹೀರೋದೇ ಇಲ್ಲ, ಮಾಲಿನ ಮ್ಯಾಲ ಜಾರ್ತೈತಿ, ಬೇರು ಒಳಗ ಹೋಗಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಬಿ.ವಿ. ವೆಂಕಟರಾಮ ರೆಡ್ಡಿ, ಕೆ.ಎಸ್. ಜಗದೀಶ್ ಅವರು ನಮ್ಮ ಕರ್ನಾಟಕದ ಮೆತ್ತನ ಇಟ್ಟಿಗಿ ಮ್ಯಾಲ ಇದನ್ನ ಪ್ರಯೋಗ ಮಾಡಿ ನೋಡ್ಯಾರ, ಅರ್ಧಂಬರ್ಧ ನೆನೆದ ಇಟ್ಟಿಗಿಗೆ ಹಿಡಿತ ಚಲೋ ಬರ್ತೈತಿ, ಹಿಡಿತ ಜಾಸ್ತಿ ಆದಂಗ ಗ್ವಾಡಿ ಭಾರ ಹೊರೋ ಶಕ್ತಿನೂ ಏರ್ತೈತಿ ಅನ್ನೋದು ಅವರ ಕೆಲಸದಾಗ ಕಂಡು ಬಂದ ಮಾತು. ಏಪ್ರಿಲ್, ಮೇ ತಿಂಗಳದಾಗ ನಮ್ಮ ರಾಯಚೂರು ಕಡೆ 40 ಡಿಗ್ರಿ ದಾಟಿದ ಬಿಸಿಲಿನ್ಯಾಗ ಬಿದ್ದಿರೋ ಇಟ್ಟಿಗಿ ಮ್ಯಾಲ ಮಾಲು ಹಾಕೋದಂದ್ರ ಕಾದ ಹಂಚಿನ ಮ್ಯಾಲ ನೀರು ಚಿಮುಕಿಸಿದಂಗ.

ಇಟ್ಟಿಗಿ ಆರಿಸೋದು

ಎರಡು ಇಟ್ಟಿಗಿ ಒಂದಕ್ಕೊಂದು ಬಡದ್ರ ಖಣ್ ಅನ್ಬೇಕು, ಉಗುರಿನಿಂದ ಗೀರಿದ್ರ ಗೆರಿ ಬೀಳಬಾರ್ದು, ಇದು ಎಲ್ಲಾರಿಗೂ ಗೊತ್ತು. ಗೊತ್ತಿದ್ರೂ ಮಾಡದೇ ಇರೋದು ನೀರಿನ ಪರೀಕ್ಷೆ. ಒಣಗಿದ ಇಟ್ಟಿಗಿ ತೂಕ ಮಾಡಿ 24 ತಾಸು ನೀರಿನ್ಯಾಗ ಮುಳುಗಿಸಿ ಒರೆಸಿ ಮತ್ತ ತೂಕ ಮಾಡ್ರಿ. ಸಾಮಾನ್ಯ ಇಟ್ಟಿಗಿಗೆ ತೂಕ 20 ಪರ್ಸೆಂಟ್ ಮ್ಯಾಲ ಏರಬಾರ್ದು, ಅಂದ್ರ 3 ಕೆಜಿ ಇಟ್ಟಿಗಿ 3.6 ಕೆಜಿ ದಾಟಬಾರ್ದು. ಕಿರಾಣಿ ಅಂಗಡಿ ತಕ್ಕಡಿ ಸಾಕು ಇದಕ್ಕ.

ಶಕ್ತಿನಗರದ ಆರ್‌ಟಿಪಿಎಸ್, ಬಳ್ಳಾರಿ ಕಡೆ ಕುಡತಿನಿ ಥರ್ಮಲ್ ಪ್ಲಾಂಟ್ ಬೂದಿ ಸಿಗೋದ್ರಿಂದ ನಮ್ಮ ಭಾಗದಾಗ ಫ್ಲೈ ಆ್ಯಶ್ ಇಟ್ಟಿಗಿ ಭಾಳ ಓಡ್ತಾವ. ಅಳತಿ ಪಕ್ಕಾ ಇರ್ತೈತಿ, ಮಾಲು ಕಡಿಮೆ ಹಿಡಿತೈತಿ, ಒಳ್ಳೇದೇ. ಆದ್ರ ಎರಡು ವಿಷಯ ನೆನಪಿಡ್ರಿ. ಮೈ ನುಣುಪು ಇರೋದ್ರಿಂದ ಮಣ್ಣಿನ ಇಟ್ಟಿಗಿಯಷ್ಟು ನೀರು ಎಳೆಯಲ್ಲ, ಅದಕ್ಕ ಮುಳುಗಿಸಿ ಇಡೋ ಬದಲು ಮ್ಯಾಲ ನೀರು ಹೊಡದ್ರ ಸಾಕಾಗ್ತೈತಿ. ಇನ್ನೊಂದು, ಮಷೀನಿಂದ ಬಂದು ಸರಿಯಾಗಿ ಕ್ಯೂರಿಂಗ್ (ನೀರು ಹಾಕಿ ಒದ್ದಿ ಇಟ್ಟು ಗಟ್ಟಿ ಮಾಡೋದು) ಆಗದ ಹಸಿ ಇಟ್ಟಿಗಿ ಲಾರಿಗೆ ಹಾಕಿ ಕಳಿಸಿದ್ರ ಮೂಲಿಗಳು ಉದುರ್ತಾವ, ಅಂಥ ಲೋಡು ಇಳಿಸ್ಕೊಬ್ಯಾಡ್ರಿ, ವಾಪಸ್ ಕಳಿಸ್ರಿ.

ನೆನೆಸೋದು, ಐದು ರೂಪಾಯಿ ಬಿಲ್ಲೆ ಪರೀಕ್ಷೆ

ನೆನೆಸಬೇಕೋ ಬ್ಯಾಡೋ ಅಂತ ವಾದ ಮಾಡೋ ಬದಲು ಇದನ್ನ ಮಾಡಿ ನೋಡ್ರಿ. ಇಟ್ಟಿಗಿ ಮಾಲು ಕೂರೋ ಮೈ ಮ್ಯಾಲ ಐದು ರೂಪಾಯಿ ಬಿಲ್ಲೆ ಇಟ್ಟು ಸುತ್ತ ಮೇಣದ ಬತ್ತಿಯಿಂದ ಒಂದು ದುಂಡು ಗೆರಿ ಎಳೀರಿ, ಬಿಲ್ಲೆ ತಗದು ಆ ಗೆರಿ ಒಳಗ ಡ್ರಾಪರಿನಿಂದ 20 ಹನಿ ನೀರು ಬಿಡ್ರಿ, ಮೊಬೈಲ್‌ನ್ಯಾಗ ಟೈಮ್ ಹಚ್ಚ್ರಿ. ನೀರು ಒಂದೂವರೆ ನಿಮಿಷದ ಒಳಗ ಇಂಗಿ ಹೋದ್ರ ಆ ಇಟ್ಟಿಗಿ ಒಣ ಕಟ್ಟಿದ್ರ ಮಾಲು ಸುಡ್ತೈತಿ, ನೆನೆಸಲೇಬೇಕು. ಒಂದೂವರೆ ನಿಮಿಷ ಆದ ಮ್ಯಾಲೂ ನೀರು ನಿಂತಿದ್ರ ಧೂಳು ಹೋಗೋವಷ್ಟು ನೀರು ಚಿಮುಕಿಸಿದ್ರ ಸಾಕು. ನಮ್ಮ ಭಟ್ಟಿ ಇಟ್ಟಿಗಿ ಬ್ಯಾಸಿಗಿ ದಿನ ಈ ನೀರನ್ನ ಕಣ್ಣು ಮುಂದನ ಕುಡದು ಬಿಡ್ತಾವ, ಗೆರಿ ಒಳಗ ಬರೇ ಕಪ್ಪು ಕಲೆ ಉಳೀತೈತಿ.

ನೆನೆಸೋ ಇಟ್ಟಿಗಿನ್ನ ತೊಟ್ಟಿಯಾಗ ಮುಳುಗಿಸಿ ಗುಳ್ಳಿ ಜೋರು ಬರೋದು ಕಡಿಮೆ ಆದ ಮ್ಯಾಲ ತಗದು ನೆರಳಿನ್ಯಾಗ ನಿಲ್ಲಿಸ್ರಿ, ಮೈ ಮ್ಯಾಲಿನ ನೀರಿನ ಹೊಳಪು ಹೋಗಬೇಕು, ಮುಟ್ಟಿದ್ರ ತಂಪು ಹತ್ತಬೇಕು, ಕೈಗೆ ನೀರು ಅಂಟಬಾರ್ದು, ಆವಾಗ ಕಟ್ಟೋಕೆ ತಯಾರು. ಲಾರಿ ಇಳಿಸಿದ ರಾಶಿ ಮ್ಯಾಲ ಪೈಪಿನಿಂದ ಒಮ್ಮೆ ನೀರು ಹೊಡದು ನೆನೆಸೀವಿ ಅಂತಾರಲ್ಲ, ಆ ರಾಶಿ ಒಳಗಿಂದ ಒಂದು ಇಟ್ಟಿಗಿ ತಗದು ಒಡದು ನೋಡ್ರಿ, ನಡುವ ಒಣ ಕೆಂಪೇ ಇರ್ತೈತಿ.

ಸಿಮೆಂಟ್ ಬ್ಲಾಕಿಗೆ ಇದು ಲಾಗೂ ಆಗಲ್ಲ, ಬ್ಲಾಕ್ ಮುಳುಗಿಸಿದ್ರ ಉಬ್ಬಿ ಆಮ್ಯಾಲ ಒಣಗುವಾಗ ಕುಗ್ತೈತಿ, ಗ್ವಾಡಿ ಸೀಳ್ತೈತಿ. ಅದರ ಮಾತು ಮುಂದ ಬರ್ತೈತಿ.

ಉಸುಕು, ನೀರು, ಮಾಲು

ಉಸುಕು ತುಂಗಭದ್ರಾ ಹೊಳಿದಾಗಲಿ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಉಸುಕು) ಆಗಲಿ, ಮೊದಲು ಮಣ್ಣು ನೋಡ್ರಿ. ಗಾಜಿನ ಗ್ಲಾಸಿನ್ಯಾಗ ಅರ್ಧ ಉಸುಕು, ಮ್ಯಾಲ ಚಿಟಿಕಿ ಉಪ್ಪು ಹಾಕಿದ ನೀರು, ಚೆನ್ನಾಗಿ ಕುಲುಕಿ ಮೂರು ತಾಸು ಅಲ್ಲಾಡಿಸದಂಗ ಇಡ್ರಿ. ಉಸುಕಿನ ಮ್ಯಾಲ ಮೆತ್ತನ ಮಣ್ಣಿನ ಪದರ ಕೂರ್ತೈತಿ, ಅದು ಉಸುಕಿನ ಎತ್ತರದ 8 ಪರ್ಸೆಂಟಿಗಿಂತ ಜಾಸ್ತಿ ಇದ್ರ ತೊಳೀದೇ ಹಾಕಬ್ಯಾಡ್ರಿ. ಈ ಮಣ್ಣು ಉಸುಕಿನ ಕಾಳಿಗೆ ಸುತ್ತಿಕೊಂಡು ಸಿಮೆಂಟ್ ಹತ್ರ ಬರೋಕೆ ಬಿಡಲ್ಲ. ಎರಿ ಹೊಲದ ಮ್ಯಾಲ ಉಸುಕು ಸುರಿವಿ ಸಲಿಕಿಯಿಂದ ತಳ ಕೆರದು ಮಾಲಿಗೆ ಹಾಕೋದು ಅಂತೂ ಬ್ಯಾಡವೇ ಬ್ಯಾಡ, ಕೆಳಗ ಒಂದು ತಾಡಪತ್ರಿ ಹಾಸ್ರಿ.

ನೀರು ನಮಗ ದೊಡ್ಡ ಸಮಸ್ಯೆ. ಕಾಲುವಿ ಬಂದ್ ಆದ ಮ್ಯಾಲ ಬೋರೇ ಗತಿ, ಎಷ್ಟೋ ಊರಾಗ ಬೋರ್ ನೀರು ಸವಳು. ಕಾಂಕ್ರೀಟಿನ ಕೋಡ್ ಐಎಸ್ 456 ಪ್ರಕಾರ ಕಬ್ಬಿಣ ಇರೋ ಕಾಂಕ್ರೀಟಿಗೆ ನೀರಿನ್ಯಾಗ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರ್ದು, ಬರೇ ಕಾಂಕ್ರೀಟಿಗೆ 2000. ಪಿಎಚ್ 6 ಕ್ಕಿಂತ ಕಡಿಮೆ ಇರಬಾರ್ದು. ಇಡೀ ಮನಿ ಅದೇ ನೀರಿನಿಂದ ಕಟ್ಟೋದಾದ್ರ ಒಮ್ಮೆ ಲ್ಯಾಬಿಗೆ ಕೊಟ್ಟು ಟೆಸ್ಟ್ ಮಾಡಸ್ರಿ. ಸವಳು ನೀರಿನಿಂದ ಗ್ವಾಡಿ ಮ್ಯಾಲ ಬಿಳಿ ಉಪ್ಪು ಹೂ ಬಿಡ್ತೈತಿ, ಅದು ಗಿಲಾವನ್ನ (ಪ್ಲಾಸ್ಟರ್) ಒಳಗಿಂದ ದೂಡಿ ಉದುರಿಸ್ತೈತಿ.

ಅಳತಿಗೆ ಒಂದು ಚೀಲ ಸಿಮೆಂಟ್ ಅಂದ್ರ ಹತ್ತಹತ್ರ 35 ಲೀಟರ್. 35 ಲೀಟರ್ ಹಿಡಿಯೋ ಪೆಟ್ಟಿಗಿ ಮಾಡಸ್ರಿ, 1:6 ಕ್ಕ ಒಂದು ಚೀಲಕ್ಕ ಆರು ಪೆಟ್ಟಿಗಿ ಉಸುಕು. ಬುಟ್ಟಿ ಲೆಕ್ಕ ನಂಬಬ್ಯಾಡ್ರಿ, ಬೆಳಿಗ್ಗೆ ತುಂಬಿದ ಬುಟ್ಟಿ ಬ್ಯಾರೆ, ಸಂಜಿ ಬುಟ್ಟಿ ಬ್ಯಾರೆ. ಉಸುಕು ಸ್ವಲ್ಪ ಹಸಿ ಇದ್ರ ಉಬ್ಬಿ ಕಾಲು ಭಾಗದ ತನಕ ಜಾಸ್ತಿ ಜಾಗ ತಿಂತೈತಿ ಅನ್ನೋದೂ ಲೆಕ್ಕದಾಗ ಇರ್ಲಿ. 9 ಇಂಚು ಗ್ವಾಡಿಗೆ 1:6, ನಾಲ್ಕೂವರೆ ಇಂಚಿಗೆ 1:4, ಇದಕ್ಕಿಂತ ಗಟ್ಟಿ ಮಾಲು ಬೇಕಿಲ್ಲ. ಮೊದಲು ಒಣದಾಗ ಬಣ್ಣ ಒಂದೇ ಆಗೋ ತನಕ ಹೊರಳಿಸಿ ಆಮ್ಯಾಲ ನೀರು.

ನೀರು ಬಿದ್ದ ಮ್ಯಾಲ ಎರಡು ತಾಸಿನೊಳಗ ಮಾಲು ಮುಗೀಬೇಕು, ಇದು ಕೋಡ್ ಹೇಳೋ ಮಾತು. ನಮ್ಮ ಬ್ಯಾಸಿಗಿಗೆ ನಾನು ಒಂದು ತಾಸು ಅಂತ ಹಿಡೀರಿ ಅಂತೀನಿ, ಅದಕ್ಕ ಒಮ್ಮೆಗೆ ಅರ್ಧ ಚೀಲನೇ ಕಲಸ್ರಿ. ಆ ಸಮಯದೊಳಗ ಮಾಲು ಒಣಗಿದ್ರ ಸ್ವಲ್ಪ ನೀರು ಹಾಕಿ ತಿರುವಿದ್ರ ತಪ್ಪಿಲ್ಲ. ಊಟಕ್ಕ ಹೋಗಿ ಬಂದು ಗಟ್ಟಿ ಆದ ಮಾಲು ಒಡದು ನೀರು ಹೊಯ್ದು ಮತ್ತ ಹಚ್ಚೋದು ಐತಲ್ಲ, ಅದು ಗ್ವಾಡಿಗೆ ಮಾಡೋ ದೊಡ್ಡ ಅನ್ಯಾಯ, ಒಮ್ಮೆ ಕಟ್ಟಿ ಮುರದ ಸಿಮೆಂಟ್ ಮತ್ತ ಕಟ್ಟಲ್ಲ.

ಮಾಲಿಗೆ ಸ್ವಲ್ಪ ಅರಳಿದ ಸುಣ್ಣ ಸೇರಿಸೋ ಪದ್ಧತಿ ಈಗ ಬಿಟ್ಟೇ ಹೋಗೈತಿ. ಸುಣ್ಣ ಮಾಲಿನ್ಯಾಗ ನೀರು ಹಿಡಿದಿಡ್ತೈತಿ, ಇಟ್ಟಿಗಿ ಒಮ್ಮೆಗೇ ಎಳ್ಕೊಳ್ಳೋಕೆ ಬಿಡಲ್ಲ, ಬಿಸಿಲು ನಾಡಿಗೆ ಇದಕ್ಕಿಂತ ಚಲೋ ಮಾಲಿಲ್ಲ. 1953 ರಾಗ ನೀರು ಬಿಟ್ಟ ಮುನಿರಾಬಾದ್ ಹತ್ರದ ತುಂಗಭದ್ರಾ ಡ್ಯಾಮಿನ ಕಲ್ಲು ಕಟ್ಟಡ ಸುರ್ಕಿ ಗಾರಿಯಿಂದ ಕಟ್ಟಿದ್ದು, ಅಂದ್ರ ಸುಟ್ಟ ಇಟ್ಟಿಗಿ ಪುಡಿ ಮತ್ತು ಸುಣ್ಣ. ಸಿಗೋದಾದ್ರ ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಉಸುಕು ಹಾಕಿ ಕಟ್ಟಿ ನೋಡ್ರಿ, ಕರಣಿಗೆ ಬೆಣ್ಣಿ ಬಂದಂಗ ಬರ್ತೈತಿ.

ಕಟ್ಟೋದು

ಮೊದಲ ವರಸಿ (ಇಟ್ಟಿಗಿ ಸಾಲು) ಮಾಲು ಇಲ್ಲದ ಒಣ ಜೋಡಿಸಿ ನೋಡ್ರಿ, ಬಾಗಿಲು ಎಲ್ಲಿ, ಮೂಲಿ ಎಲ್ಲಿ, ತುಂಡು ಎಲ್ಲಿ ಬೀಳ್ತೈತಿ ಅಂತ ಅಲ್ಲೇ ಗೊತ್ತಾಗ್ತೈತಿ. ತಗ್ಗು ಇರೋ ಇಟ್ಟಿಗಿ ಆದ್ರ ತಗ್ಗು ಮ್ಯಾಲ ಬರಬೇಕು, ಕೆಳಗ ಮಾಡಿ ಇಟ್ರ ಒಳಗ ಗಾಳಿ ಕೂತು ಟೊಳ್ಳು ಉಳೀತೈತಿ. ಮಾಲು 10 ಮಿಲಿಮೀಟರ್ ಸಾಕು. ಒಂದು ಇಂಚು ಮಾಲು ಹಾಕಿ ವರಸಿ ಸರಿ ಮಾಡೋದು ಅಂದ್ರ ಇಟ್ಟಿಗಿ ಅಳತಿ ತಪ್ಪೈತಿ ಅಂತ ಅರ್ಥ, ಗ್ವಾಡಿ ಶಕ್ತಿ ಅಲ್ಲಿ ಕಡಿಮೆ ಆಗ್ತೈತಿ.

ನಿಲುವು ಸಂದು ತುಂಬದೇ ಬಿಡೋದು ಎಲ್ಲಾ ಕಡೆ ಇರೋ ಚಟ. ಇಟ್ಟಿಗಿ ಪಕ್ಕಕ್ಕ ಮೊದಲೇ ಮಾಲು ಹಚ್ಚಿ ದೂಡಿ ಕೂಡಿಸ್ಬೇಕು, ಆಮ್ಯಾಲ ಮ್ಯಾಲಿಂದ ಕರಣಿ ತುದಿಯಿಂದ ಚುಚ್ಚಿದ್ರ ಬಾಯಿ ಮುಚ್ಚತೈತಿ ಹೊಟ್ಟಿ ಖಾಲಿನೇ. ಕೂಡಿಸಿ ಒಂದೆರಡು ಸಲ ಕರಣಿ ಹಿಡಿಯಿಂದ ತಟ್ಟಿದ ಮ್ಯಾಲ ಮುಟ್ಟಬಾರ್ದು. ಸ್ವಲ್ಪ ಹೊತ್ತಾದ ಮ್ಯಾಲ ದಾರ ನೋಡಿ ಇಟ್ಟಿಗಿ ಅಲುಗಾಡಿಸಿದ್ರ ಆಗಷ್ಟೇ ಬಿಟ್ಟ ಬೇರು ಹರೀತಾವ, ಮ್ಯಾಲ ಚೆಂದ ಕಾಣ್ತೈತಿ ಒಳಗ ಬಿಟ್ಟೈತಿ. ತಪ್ಪಿದ್ರ ಇಟ್ಟಿಗಿ ಎತ್ತಿ ಹಳೇ ಮಾಲು ಕೆರದು ಹೊಸ ಮಾಲು ಹಾಕಿ ಕೂಡಸ್ರಿ.

ಇನ್ನ ಜೋಡಣಿ. ಒಂದು ವರಸಿ ಸಂದು ಮ್ಯಾಲಿನ ವರಸಿ ಸಂದಿನ ನೇರಕ್ಕ ಬರಬಾರ್ದು, ಕಡಿಮೆ ಅಂದ್ರ ಇಟ್ಟಿಗಿ ಉದ್ದದ ಕಾಲು ಭಾಗ ಸರೀಬೇಕು, ನಾಲ್ಕೂವರೆ ಇಂಚಿನ ಗ್ವಾಡಿ ಮತ್ತ ಬ್ಲಾಕಿಗೆ ಅರ್ಧ. ಭಾರ ಹೊರೋ 9 ಇಂಚಿನ ಗ್ವಾಡಿಗೆ ಇಂಗ್ಲಿಷ್ ಬಾಂಡ್ ಹಾಕ್ರಿ, ಒಂದು ವರಸಿ ಉದ್ದ, ಮುಂದಿನ ವರಸಿ ಅಡ್ಡ. ಅಡ್ಡ ವರಸಿ ಮೂಲಿ ಇಟ್ಟಿಗಿ ಪಕ್ಕದಾಗ ಉದ್ದಕ್ಕ ಸೀಳಿದ ತುಂಡು ಒಂದು ಇಡ್ಲೇಬೇಕು, ಅದಿಲ್ಲದಿದ್ರ ಸಂದು ಸರಿಯೋದೇ ಇಲ್ಲ. ಗೌಂಡಿಗಳು ಸೀಳೋದು ಬ್ಯಾಸರ ಅಂತ ಅರ್ಧ ಇಟ್ಟಿಗಿ ತುರುಕ್ತಾರ, ಮೂಲಿಗೆ ನಿಂತು ನೋಡ್ರಿ. ರಾಯಚೂರು ಕೋಟಿಗೆ ಹೋದವರು 1294 ರ ಶಾಸನ ಇರೋ ಆ ದೊಡ್ಡ ಕಲ್ಲು, ಅದರ ಸುತ್ತಲಿನ ಒಳಕೋಟಿ ಗ್ವಾಡಿ ನೋಡಿರ್ತೀರಿ, ಗಾರಿ ಇಲ್ಲದ ಬರೇ ಕಲ್ಲಿನ ತೂಕ, ಜೋಡಣಿ ಮ್ಯಾಲ ನಿಂತೈತಿ. ಜೋಡಣಿಗೆ ಅಷ್ಟು ತಾಕತ್ತು ಐತಿ.

ಒಂದು ದಿನಕ್ಕ 1 ಮೀಟರ್ ಮ್ಯಾಲ ಏರಿಸಬ್ಯಾಡ್ರಿ. ಅರ್ಧಕ್ಕ ನಿಲ್ಲಿಸೋ ಕಡೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಬಿಡ್ರಿ, ಒಂದು ಬಿಟ್ಟು ಒಂದು ವರಸಿ ಹೊರಗ ಚಾಚಿ ಹಲ್ಲು ಬಿಟ್ರ ಮರುದಿನ ಆ ಹಲ್ಲಿನ ಒಳಗ ಮಾಲು ಸರಿಯಾಗಿ ಹೋಗಲ್ಲ. ನಾಲ್ಕೂವರೆ ಇಂಚಿನ ಗ್ವಾಡಿಗೆ ಪ್ರತಿ ಮೂರು ನಾಲ್ಕು ವರಸಿಗೆ 6 ಎಂಎಂ ಸರಳು ಎರಡು ಹಾಕಿ, ಸುತ್ತ ಮಾಲು ಪೂರ್ತಿ ಮುಚ್ಚಬೇಕು.

ಬ್ಲಾಕ್ ಗ್ವಾಡಿ

ಸಿಮೆಂಟ್ ಬ್ಲಾಕಿನ ಶತ್ರು ಕುಗ್ಗೋದು. ಹೊಸ ಬ್ಲಾಕ್ ಒಣಗುವಾಗ ಕುಗ್ತೈತಿ, ಗ್ವಾಡಿ ಕಟ್ಟಿದ ಮ್ಯಾಲ ಕುಗ್ಗಿದ್ರ ಸೀಳು, ಕಟ್ಟೋ ಮುಂಚೆ ಕುಗ್ಗಿದ್ರ ಏನಿಲ್ಲ. ಅದಕ್ಕ 14 ದಿನ ಕ್ಯೂರಿಂಗ್ ಆದ ಮ್ಯಾಲ ನಾಲ್ಕು ವಾರ ಒಣಗಿದ ಬ್ಲಾಕೇ ತಗೊಳ್ರಿ, ಕಟ್ಟೋ ಮುಂಚೆ ಮಾಲು ಕೂರೋ ಮೈಗೆ ಒದ್ದಿ ಬಟ್ಟಿ ಆಡಿಸಿದಷ್ಟು ತೇವ ಸಾಕು. ಮಾಲು 1:6 ಇರ್ಲಿ. ಗಟ್ಟಿ ಮಾಲು ಹಾಕಿದ್ರ ಕುಗ್ಗುವಾಗ ಸಂದು ಬಿಡೋ ಬದಲು ಬ್ಲಾಕೇ ನಡು ಸೀಳ್ತೈತಿ, ಸಂದು ಸೀಳಿದ್ರ ರಿಪೇರಿ ಸುಲಭ, ಬ್ಲಾಕ್ ಸೀಳಿದ್ರ ಕಷ್ಟ. ಕಿಟಕಿ ಕೆಳಗ ಮತ್ತ ಲಿಂಟಲ್ ಮಟ್ಟದಾಗ ಸರಳು ಹಾಕಿದ ಕಾಂಕ್ರೀಟ್ ಪಟ್ಟಿ ಇಡೀ ಗ್ವಾಡಿಗೆ ಓಡಿಸ್ರಿ. ಎರಿ ಮಣ್ಣಿನ ಸೈಟಿಗೆ ಇದು ಎರಡು ಪಟ್ಟು ಮುಖ್ಯ, ಮಳಿಗೆ ಉಬ್ಬಿ ಬ್ಯಾಸಿಗಿಗೆ ಬಾಯಿ ಬಿಡೋ ನೆಲ ಅದು, ಅಲ್ಲಿ ಪ್ಲಿಂತ್ ಬೀಮ್ (ಪಾಯದ ಮ್ಯಾಲ ಓಡೋ ಕಾಂಕ್ರೀಟ್ ಪಟ್ಟಿ) ಇಲ್ಲದ ಗ್ವಾಡಿ ಎಷ್ಟು ಚಂದ ಕಟ್ಟಿದ್ರೂ ನಿಲ್ಲಲ್ಲ.

ಎಎಸಿ ಬ್ಲಾಕಿಗೆ (ಗಾಳಿ ಗುಳ್ಳಿ ತುಂಬಿದ ಹಗುರ ಬ್ಲಾಕ್) ಪಾಕೀಟಿನ್ಯಾಗ ಬರೋ ಅಡ್ಹೆಸಿವ್ ಹಾಕ್ರಿ, ಹಲ್ಲಿನ ಕರಣಿಯಿಂದ ಎಳದ್ರ 2-3 ಎಂಎಂ ಸಂದು ಬರ್ತೈತಿ. ಬ್ರಷ್‌ನಿಂದ ಧೂಳು ಒರೆಸದೇ ಹಚ್ಚಿದ್ರ ಅಡ್ಹೆಸಿವ್ ಧೂಳನ್ನ ಹಿಡೀತೈತಿ, ಬ್ಲಾಕನ್ನ ಹಿಡಿಯಲ್ಲ.

ಗ್ವಾಡಿ ಮತ್ತ ಕಾಂಕ್ರೀಟ್ ಕೂಡೋ ಕಡೆ

ಕಾಲಂ ಮೈ ನುಣುಪು, ಶಟ್ರಿಂಗ್ ಎಣ್ಣಿ ಬ್ಯಾರೆ ಅಂಟಿರ್ತೈತಿ. ಸುತ್ತಿಗಿ ಉಳಿಯಿಂದ ಕಚ್ಚು ಹಾಕಿ, ತಂತಿ ಬ್ರಷ್ ಆಡಿಸಿ, ತೊಳದು ಆಮ್ಯಾಲ ಗ್ವಾಡಿ ಮುಟ್ಟಿಸ್ರಿ, ಕಾಲಂನಿಂದ 6 ಎಂಎಂ ಸರಳಿನ ತುಂಡು ವರಸಿ ಸಂದಿನೊಳಗ ಬರೋ ಹಂಗ ಮೊದಲೇ ಬಿಟ್ಟಿರ್ರಿ. ಬೀಮ್ ಕೆಳಗಿನ ಕೊನೇ ವರಸಿ ಅದೇ ದಿನ ತುಂಬಬ್ಯಾಡ್ರಿ, ಗ್ವಾಡಿ ಮಾಲು ಇಳೀತೈತಿ, ಒಂದು ವಾರ ಬಿಟ್ಟು ಗಟ್ಟಿಯಾಗಿ ಜಡೀರಿ. ಗಿಲಾವು ಮಾಡುವಾಗ ಕೂಡಿಕಿ ಮ್ಯಾಲ ಎರಡೂ ಕಡೆ ಅರ್ಧ ಅರ್ಧ ಅಡಿ ಬರೋ ಹಂಗ ಕೋಳಿ ಜಾಳಿಗಿ ಬಡೀರಿ.

ಒಂದು ಕಡೆ ಮಾತ್ರ ಹಿಡಿತ ಇರಲೇಬಾರ್ದು. ಕಾಲಂ ಇಲ್ಲದ, ಗ್ವಾಡಿ ಮ್ಯಾಲೇ ಸ್ಲ್ಯಾಬ್ ಕೂರೋ ಮನಿಯಾಗ ಸ್ಲ್ಯಾಬ್ ಬಿಸಿಲಿಗೆ ಹಿಗ್ತೈತಿ, ರಾತ್ರಿ ಕುಗ್ತೈತಿ. ಗ್ವಾಡಿ ಅದನ್ನ ಹಿಡಿದಿದ್ರ ಸ್ಲ್ಯಾಬ್ ಕೆಳಗ ಅಡ್ಡ ಸೀಳು ಗ್ಯಾರಂಟಿ. ಗ್ವಾಡಿ ತಲಿ ಮ್ಯಾಲ 1:3 ಗಿಲಾವು ನುಣುಪಾಗಿ ಮಾಡಿ, ಒಣಗಿದ ಮ್ಯಾಲ ದಪ್ಪ ಸುಣ್ಣ ಬಳದು ಸ್ಲ್ಯಾಬ್ ಹಾಕ್ರಿ, ಜಾರೋಕೆ ಜಾಗ ಸಿಗ್ತೈತಿ.

ಹಳೇ ಕಾಂಕ್ರೀಟಿಗೆ ಹೊಸ ಕಾಂಕ್ರೀಟ್

ಹಾಕಿದ ಕಾಂಕ್ರೀಟಿನ ಮ್ಯಾಲ ಹಾಲು ಬಣ್ಣದ ತೆಳ್ಳನ ಪದರ ಕೂರ್ತೈತಿ, ಉಗುರಿಗೆ ಕಿತ್ತು ಬರೋವಷ್ಟು ಮೆತ್ತಗ. ಅದರ ಮ್ಯಾಲ ಏನು ಹಾಕಿದ್ರೂ ಹಿಡಿಯಲ್ಲ, ಖಡಿ ಕಾಣೋ ತನಕ ಕಚ್ಚು ಹಾಕಿ ತೆಗೀಬೇಕು. ಹಿಂದಿನ ದಿನದಿಂದ ನೀರು ಕುಡಿಸಿ, ಹಾಕೋ ಹೊತ್ತಿಗೆ ನಿಂತ ನೀರು ಒರೆಸಿ, ಸಿಮೆಂಟ್ ಹಾಲು ಬಳದು ಅದು ಹಸಿ ಇರುವಾಗಲೇ ಹೊಸ ಕಾಂಕ್ರೀಟ್ ಬೀಳಬೇಕು. ಹಾಲು ಒಣಗಿದ್ರ ಅದೇ ಮತ್ತೊಂದು ಬಿಡಿಸೋ ಪದರ ಆಗ್ತೈತಿ.

ಎಂ20 ದರ್ಜೆ ಕಾಂಕ್ರೀಟಿಗೆ ಸಿಮೆಂಟ್ ಚೀಲಕ್ಕ 30 ಲೀಟರ್ ನೀರು ಮೇಲ್ಮಿತಿ, ಉಸುಕಿನ ತೇವ ಅದರಾಗೇ ಬಂತು. ಹಾಕೋ ಕಾಂಕ್ರೀಟ್ 40 ಡಿಗ್ರಿ ಮೀರಬಾರ್ದು, ಬ್ಯಾಸಿಗಿಗೆ ಬೆಳಗಿನ ಜಾವ ಶುರು ಮಾಡ್ರಿ, ಖಡಿ ರಾಶಿಗೆ ರಾತ್ರಿನೇ ನೀರು ಹೊಡೀರಿ.

ಕ್ಯೂರಿಂಗ್, ಆಮ್ಯಾಲ ಒಂದು ಪರೀಕ್ಷೆ

ಗ್ವಾಡಿಗೆ ಕಡಿಮೆ ಅಂದ್ರ 7 ದಿನ, ನಾವು ಹಾಕೋದು ಬಹುತೇಕ ಪಿಪಿಸಿ (ಬೂದಿ ಬೆರೆಸಿದ ಸಿಮೆಂಟ್) ಇಲ್ಲ ಸ್ಲ್ಯಾಗ್ (ಕಬ್ಬಿಣ ಕಾರ್ಖಾನಿ ಕಿಟ್ಟ ಬೆರೆಸಿದ) ಸಿಮೆಂಟ್, ಅದಕ್ಕ 10 ದಿನ. ಕಾಂಕ್ರೀಟಿಗೆ ನಮ್ಮ ಬಿಸಿಲಿಗೆ 14 ದಿನ ಕೊಡ್ರಿ. ಬೆಳಿಗ್ಗೆ ಸಂಜಿ ಪೈಪ್ ಹಿಡದ್ರ ಮಧ್ಯಾಹ್ನ ಗ್ವಾಡಿ ಒಣಗೇ ಇರ್ತೈತಿ, ಪಡುವಣ ಬಿಸಿಲು ಬೀಳೋ ಗ್ವಾಡಿಗೆ ಗೋಣಿ ತಟ್ಟು ಇಳಿಬಿಟ್ಟು ಅದನ್ನ ಒದ್ದಿ ಇಡ್ರಿ, ಟ್ಯಾಂಕರ್ ನೀರೂ ಉಳೀತೈತಿ.

7 ದಿನ ಆದ ಮ್ಯಾಲ ಗ್ವಾಡಿ ತುದಿಯಾಗ, ಮೆಟ್ಟಿಲು ಬಿಟ್ಟ ಕಡೆ, ಒಂದು ಇಟ್ಟಿಗಿ ಸುತ್ತಿಗಿಯಿಂದ ಎಬ್ಬಸ್ರಿ. ಎಬ್ಬೋಕೆ ಕಷ್ಟ ಆಗಿ ಇಟ್ಟಿಗಿ ಚೂರು ಮಾಲಿಗೆ ಅಂಟಿ ಉಳಿದ್ರ, ಇಲ್ಲ ಮಾಲೇ ಅರ್ಧ ಅರ್ಧ ಹರದು ಎರಡೂ ಕಡೆ ಹಿಡಿದಿದ್ರ ಕೆಲಸ ಚಲೋ ಆಗೈತಿ. ಇಟ್ಟಿಗಿ ತಳ ತೊಳದಂಗ ಸ್ವಚ್ಛ ಎದ್ದು ಬಂದು, ಮಾಲು ಬೆರಳಿಗೆ ಪುಡಿ ಆದ್ರ ಅದು ಒಣ ಇಟ್ಟಿಗಿ ಕೆಲಸ. ಸ್ವಚ್ಛ ಬಂದು ಮಾಲು ಗಟ್ಟಿ ಐತಿ ಅಂದ್ರ ನೀರು ತುಂಬಿದ ಇಟ್ಟಿಗಿ ಕಟ್ಟ್ಯಾರ, ಇಲ್ಲ ಕೂಡಿಸಿದ ಮ್ಯಾಲ ಅಲುಗಾಡಿಸ್ಯಾರ. ಎರಡು ಮೂರು ಕಡೆ ಹಿಂಗೇ ಬಂದ್ರ ಗಿಲಾವಿಗೆ ಕೈ ಹಚ್ಚಬ್ಯಾಡ್ರಿ, ಗಟ್ಟಿ ಹಿಡಿದ ವರಸಿ ಸಿಗೋ ತನಕ ಇಳಿಸ್ರಿ, ಇಟ್ಟಿಗಿ ಸ್ವಚ್ಛ ಇರೋದ್ರಿಂದ ಕೆರದು ನೆನೆಸಿ ಮತ್ತ ಕಟ್ಟೋಕೆ ಬರ್ತಾವ, ಹೋಗೋದು ಮಾಲು ಮತ್ತ ಕೂಲಿ ಮಾತ್ರ.